ಗೋವಾ ನಂಬರ್ ಕಾರು: ಟ್ಯಾಕ್ಸ್ ಕಟ್ಟಿದ್ದಕ್ಕೆ ಏನು ತೋರಿಸುತ್ತೀರಿ? ಅನುಭವ ಹೇಳಿ

ಸದಾಶಿವಗಡದಿಂದ (ಪ್ರಶ್ನೆ)
ಮಡಗಾಂವಲ್ಲಿ ಕೆಲಸ. ಅಲ್ಲೇ ಜಿಎ ನಂಬರಿನ ಹಳೇ ಪೆಟ್ರೋಲ್ ಕಾರು ತೆಗೆದುಕೊಂಡು 4 ತಿಂಗಳಾಯ್ತು. ಶನಿವಾರ ಊರಿಗೆ ಬರುತ್ತೇನೆ, ಸೋಮವಾರ ಬೆಳಿಗ್ಗೆ ವಾಪಸ್. ಹೋದ ವಾರ ದಾರಿಯಲ್ಲಿ ನಿಲ್ಲಿಸಿ "ಟ್ಯಾಕ್ಸ್ ಕಟ್ಟಿದ್ದಕ್ಕೆ ಏನಿದೆ?" ಅಂದರು. ಮೊಬೈಲಲ್ಲಿದ್ದ ಆರ್‌ಸಿ (ಗಾಡಿಯ ನೋಂದಣಿ ಪತ್ರ) ಫೋಟೋ ತೋರಿಸಿದೆ, ಆಗೋದಿಲ್ಲ ಅಂದರು. ಗ್ಲಾಸಿನ ಮೇಲೆ ಒಂದು ನೀಲಿ ಸ್ಟಿಕರ್ ಇದೆ. ಅದು ಸಾಕಾಗೋದಿಲ್ವಾ? ಬೇರೆ ಏನಾದರೂ ಅಂಟಿಸಬೇಕಾ?

ಶಿರಸಿ ತೋಟದವ
ನಾನು 2021ರಲ್ಲಿ ಎಂಎಚ್ (ಮಹಾರಾಷ್ಟ್ರ) ನಂಬರಿನ ಕಾರು ತಂದೆ. ಬಂದ ಎರಡನೇ ತಿಂಗಳಿಗೇ ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಿ ನಮ್ಮ ಶಿರಸಿಯ ಕೆಎ 31 ನಂಬರ್ ಮಾಡಿಸಿಕೊಂಡೆ. ಎನ್‌ಒಸಿ (ಹಳೇ ಆರ್‌ಟಿಒದ ಒಪ್ಪಿಗೆ ಪತ್ರ) ತರಲು ಕಾರಿನ ಹಳೇ ಊರಿಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಬ್ಯಾಂಕಿನ ಸಾಲ ತೀರಿದ ಪತ್ರ ಇಲ್ಲ ಅಂದರು. ಎರಡನೇ ಸಲ ಅದರ ಅರ್ಜಿ ಫಾರಂ 28ರಲ್ಲಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಸರಿ ಮೂಡಿಲ್ಲ ಅಂದರು. ಅಲ್ಲೇ ಬಾನೆಟ್ ಎತ್ತಿ, ಅಂಗಿಯ ತೋಳಿನಿಂದ ಎಣ್ಣೆ ಒರೆಸಿ, ಟೇಪ್ ಇಟ್ಟು ಪೆನ್ಸಿಲ್ ತಿಕ್ಕಿದೆ. ಬಸ್ಸು, ರೂಮು, ಊಟ ಅಂತ 11,300 ಹೋಯ್ತು. ಇಲ್ಲಿ ಟ್ಯಾಕ್ಸ್ 58,740. ಅಲ್ಲಿ ಮೊದಲು ಕಟ್ಟಿದ್ದರಲ್ಲಿ ವಾಪಸ್ ಬರಬೇಕಾದ ದುಡ್ಡು ಇನ್ನೂ ಬಂದಿಲ್ಲ. ಆದರೂ ಎಲ್ಲಿ ನಿಲ್ಲಿಸಿದರೂ ಎದೆ ಹೊಡೆದುಕೊಳ್ಳೋದಿಲ್ಲ. ಕಟ್ಟಿಬಿಡಿ.

ಅಂಕೋಲಾ ಮೀನು ಗಾಡಿ
ನಿಮ್ಮದೆಲ್ಲ ಒಂದು ಸಲ ಕಟ್ಟಿ ಮುಗಿಯುವ ಕೆಲಸ. ನನ್ನ ಗಾಡಿಗೆ ಮೂರು ತಿಂಗಳಿಗೊಮ್ಮೆ. ಟ್ಯಾಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗ್ಲಾಸಿನ ಒಳಗೆ ಸಿಕ್ಕಿಸಿದ್ದೆ. ಉಪ್ಪುಗಾಳಿ, ಐಸಿನ ತೇವ. ಎರಡು ವಾರಕ್ಕೆ ಶಾಯಿ ಹರಡಿ ತಾರೀಖೇ ಹೋಯ್ತು. ಆ ದಿನ ಬಂಗಡೆ ತುಂಬಿಕೊಂಡು ಎರಡು ತಾಸು ರಸ್ತೆ ಬದಿ ನಿಂತಿದ್ದೇನೆ. ನಾಲ್ಕು ಬುಟ್ಟಿ ಮೀನು ಅರ್ಧ ರೇಟಿಗೆ ಕೊಟ್ಟೆ. ಈಗ ಎರಡು ಜೆರಾಕ್ಸ್, ಒಂದು ಮನೆಯಲ್ಲಿ, ಒಂದು ಸೀಟಿನ ಕೆಳಗೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಕಡಲಿಗೆ ಇಳಿಯೋದಿಲ್ಲ, ಗಾಡಿ ಅಂಗಳದಲ್ಲೇ. ಓಡಿಸೋದಿಲ್ಲ ಅಂತ ಮುಂಚೆಯೇ ಬರೆದುಕೊಟ್ಟು ಕಾಗದ ಒಪ್ಪಿಸದಿದ್ದರೆ ಆಗಲೂ ಟ್ಯಾಕ್ಸ್ ಬಿಡೋದಿಲ್ಲ. ಒಂದು ವರ್ಷ ಮರೆತೆ, ಪೂರ್ತಿ ಕಟ್ಟಿದೆ.

ಹೊನ್ನಾವರ ಕೆಎ 47
ನೀಲಿ ಸ್ಟಿಕರ್ ಅಂದರೆ ಪೆಟ್ರೋಲ್ ಅಥವಾ ಸಿಎನ್‌ಜಿ, ಕಿತ್ತಳೆ ಅಂದರೆ ಡೀಸೆಲ್. 2019ರ ಏಪ್ರಿಲ್‌ನಿಂದ ಹೊಸ ನಂಬರ್ ಪ್ಲೇಟಿನ ಜೊತೆ ಬಂದದ್ದು. ಟ್ಯಾಕ್ಸ್ ಕಟ್ಟೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನನ್ನ ಕಾರಿನ ಗ್ಲಾಸಲ್ಲಿ ಅದು ಬಿಟ್ಟರೆ ಏನೂ ಇಲ್ಲ, ಯಾರೂ ಕೇಳಿಲ್ಲ. ಗ್ಯಾಲರಿಯ ಫೋಟೋ ನಡೆಯೋದಿಲ್ಲ. ಸರ್ಕಾರದ ಡಿಜಿಲಾಕರ್, ಎಂಪರಿವಾಹನ್ ಆಪಿನಲ್ಲಿರುವ ದಾಖಲೆ ನಡೆಯುತ್ತದೆ. 2018ರ ನವೆಂಬರಿನಲ್ಲೇ ಕೇಂದ್ರದ ಮೋಟಾರು ವಾಹನ ನಿಯಮ 139 ಹಾಗೆ ತಿದ್ದಿದ್ದಾರೆ. ಆದರೆ ದೇವಿಮನೆ ಘಾಟಿಯಲ್ಲಿ ನೆಟ್‌ವರ್ಕ್ ಸಿಗದೆ ಆಪ್ ಸುಮ್ನೆ ತಿರುಗುತ್ತಾ ಕೂತಿತು, ನಾನು 500 ದಂಡ ಕಟ್ಟಿ ಬಂದೆ. ಅವತ್ತಿನಿಂದ ಅಸಲಿ ಆರ್‌ಸಿ ಕಾರ್ಡೂ ಜೇಬಿನಲ್ಲೇ.

ಕಾರವಾರ, ಕೋಡಿಬಾಗ
ಶಿರಸಿಯವರ ಮಾತು ಕೇಳಿ ಅವಸರ ಮಾಡಬೇಡಿ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇದ್ದರೆ ಮಾತ್ರ ನಂಬರ್ ಬದಲಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47 ಹೇಳುತ್ತದೆ. ಕರ್ನಾಟಕ 2014ರಲ್ಲಿ 30 ದಿನ ಮೀರಿ ಇಲ್ಲಿದ್ದರೇ ಇಲ್ಲಿಯ ಟ್ಯಾಕ್ಸ್ ಕಟ್ಟಬೇಕು ಅಂತ ಮಾಡಿತ್ತು. ಹೈಕೋರ್ಟ್ 2016ರಲ್ಲಿ ಅದನ್ನು ಹೊಡೆದುಹಾಕಿತು. ನಾನು ವಾರಕ್ಕೊಮ್ಮೆ ಗೋವಾಕ್ಕೆ ಹೋಗುವವನು. ಗಾಡಿ ಇಲ್ಲೇ ನಿಂತಿಲ್ಲ ಅಂತ ತೋರಿಸಲು ಅಲ್ಲಿ ಹಾಕಿಸಿದ ಪೆಟ್ರೋಲಿನ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಡ್ಯಾಶ್‌ಬೋರ್ಡಲ್ಲಿ ಇಟ್ಟಿದ್ದೇನೆ. ಎರಡು ಸಲ ಅದೇ ನನ್ನನ್ನು ಉಳಿಸಿತು.

ಶಿರಸಿ ತೋಟದವ
ಮಾರಾಯ್ರೇ, ಕಾರು ರಾತ್ರಿ ನಿಲ್ಲೋದು ಕೋಡಿಬಾಗದಲ್ಲಿ, ಪೆಟ್ರೋಲ್ ಚೀಟಿ ಮಾತ್ರ ಗೋವಾದ್ದು. ನಾವು ಕಷ್ಟಪಟ್ಟು ಕಟ್ಟಿದವರು ದಡ್ಡರಾ?

ಕಾರವಾರ, ಕೋಡಿಬಾಗ
ದಡ್ಡರು ಅಂತ ನಾನು ಹೇಳಿಲ್ಲ. ಕಾನೂನು ಕೊಟ್ಟ ಅವಧಿ ಬಳಸಿದರೆ ಕಳ್ಳ ಅನ್ನಬೇಡಿ.

ಅಂಕೋಲಾ ಮೀನು ಗಾಡಿ
ಕಟ್ಟಿ ಏನು ಸಿಕ್ಕಿತು ಹೇಳಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು, ಜೀವ ಹೋಯ್ತು. ಮುಂದಿನ ತಿಂಗಳೇ ಕಾಳಿಯ ಹಳೇ ಸೇತುವೆ ಲಾರಿ ಸಮೇತ ನದಿಗೆ ಕುಸಿಯಿತು. ಟ್ಯಾಕ್ಸೂ ಕೊಡಿ, ಟೋಲೂ ಕೊಡಿ.

ಹೊನ್ನಾವರ ಕೆಎ 47
ಅಣ್ಣ, ಹೆದ್ದಾರಿ 66 ಕೇಂದ್ರದ್ದು, ಲೈಫ್ ಟ್ಯಾಕ್ಸ್ ರಾಜ್ಯಕ್ಕೆ ಹೋಗೋದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಅಂಕೋಲಾ ಮೀನು ಗಾಡಿ
ಗುಡ್ಡದ ಕೆಳಗೆ ನಿಂತವನಿಗೆ ಕೇಂದ್ರ ಯಾವುದು, ರಾಜ್ಯ ಯಾವುದು? ಅಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರುಗಳು ನಮ್ಮ ಹಾಗೆ ಟ್ಯಾಕ್ಸ್ ಕಟ್ಟಿದ ಗಾಡಿಯಲ್ಲೇ ಬಂದಿದ್ದರು.

ಸದಾಶಿವಗಡದಿಂದ
ಎಲ್ಲರಿಗೂ ಥ್ಯಾಂಕ್ಸ್. ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿದೆ, ಟ್ಯಾಕ್ಸ್ ಎದುರು ಎಲ್‌ಟಿಟಿ ಅಂತ ಬಂತು. ಲೈಫ್ ಟ್ಯಾಕ್ಸ್ ಅಂದರೆ ಅದೇ ಅಲ್ವಾ? ಆದರೆ ಡಿಜಿಲಾಕರ್‌ನಲ್ಲಿ ಆರ್‌ಸಿ ಬರುತ್ತಿಲ್ಲ.

ಹೊನ್ನಾವರ ಕೆಎ 47
ಹೌದು, ಅದೇ. ಆರ್‌ಸಿ ಯಾರ ಹೆಸರಲ್ಲಿದೆ ತಮ್ಮಾ?

ಸದಾಶಿವಗಡದಿಂದ
ಹಳೇ ಮಾಲೀಕರ ಹೆಸರಲ್ಲೇ.

ಹೊನ್ನಾವರ ಕೆಎ 47
ಆಧಾರಿನ ಹೆಸರಿಗೂ ಆರ್‌ಸಿಗೂ ಹೊಂದದಿದ್ದರೆ ಬರೋದಿಲ್ಲ. ಕೊಂಡವರು 30 ದಿನದೊಳಗೆ ಹೆಸರು ಬದಲಿಸಲು ಕೊಡಬೇಕಿತ್ತು, ನಿಮಗೆ 4 ತಿಂಗಳಾಗಿದೆ. ಸೋಮವಾರ ಮಡಗಾಂವಲ್ಲಿ ಇಳಿದ ಕೂಡಲೇ ಆ ಕೆಲಸಕ್ಕೆ ಹೋಗಿ. ಮಾರಿದವರ ಸಹಿ ಬೇಕು, ಅವರಿಗೆ ಇವತ್ತೇ ಫೋನ್ ಮಾಡಿ.