ಕಾರವಾರದಲ್ಲಿ ಸ್ಲ್ಯಾಬ್ ಮನೆ: ಸೆಕೆ ತಪ್ಪಿಸಲು ಗೋಡೆಗೆ ಚಿರೆಕಲ್ಲೋ, ಎಎಸಿ ಬ್ಲಾಕೋ?

ಕಡಲದಂಡೆ: ಕಾರವಾರದಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಸಮುದ್ರ ಹತ್ತಿರವೇ ಇದೆ. ಪಿಲ್ಲರ್ ಎದ್ದಿವೆ, ಗೋಡೆ ಇನ್ನೂ ಆಗಿಲ್ಲ. ಮೊದಲಿನಿಂದ ಚಿರೆಕಲ್ಲು (ಜಂಬಿಟ್ಟಿಗೆ) ಅಂತಲೇ ಇತ್ತು, ಈಗ ಕಂಟ್ರಾಕ್ಟರ್ ಎಎಸಿ ಬ್ಲಾಕ್ (ಹಗುರ ಸಿಮೆಂಟ್ ಬ್ಲಾಕ್) ಹಾಕಿ, ಮನೆ ತಂಪಾಗಿರುತ್ತದೆ ಅನ್ನುತ್ತಿದ್ದಾರೆ. ಸ್ಲ್ಯಾಬಿಗೆ ಒಳಗಿನಿಂದ ಥರ್ಮೋಕೋಲ್ ಅಂಟಿಸಿ ಫಾಲ್ಸ್ ಸೀಲಿಂಗ್ ಮಾಡಿದರೆ ಸಾಕಂತೆ. ಈಗಿನ ಬಾಡಿಗೆ ಮನೆಯಲ್ಲಿ ಮೇ ತಿಂಗಳು ರಾತ್ರಿ ಹತ್ತಾದರೂ ಸ್ಲ್ಯಾಬ್ ಕೆಳಗೆ ಮಲಗಲು ಆಗುವುದಿಲ್ಲ. ಯಾವುದು ಸರಿ?

ಬಿಸಿಲು_ಮಾಡು: ನಿಮ್ಮ ಸೆಕೆ ಗೋಡೆಯಿಂದ ಬರುತ್ತಿರುವುದಲ್ಲ, ಮೇಲಿನಿಂದ. ನಮ್ಮ ಕಡೆ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗ ಬಿಸಿಲೆಲ್ಲ ತಾರಸಿಗೆ ಬೀಳುತ್ತದೆ, ಗೋಡೆಗೆ ಕಡಿಮೆ. ಐದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಆ ಬಿಸಿ ಕುಡಿದು ಸಂಜೆಯ ಮೇಲೆ ಕೆಳಗೆ ಬಿಡುತ್ತದೆ. ಕಾಂಕ್ರೀಟಿನ ಶಾಖ ದಾಟಿಸುವ ಗುಣ ಸುಮಾರು 1.6, ಎಕ್ಸ್‌ಪಿಎಸ್ ಶೀಟಿನದು (ಥರ್ಮೋಕೋಲ್ ಜಾತಿಯದೇ, ಇನ್ನೂ ಗಟ್ಟಿಯಾದ ಫೋಮ್ ಹಲಗೆ) 0.03ರ ಆಸುಪಾಸು; ಈ ಅಂಕಿ ಕಡಿಮೆಯಿದ್ದಷ್ಟೂ ಬಿಸಿ ಕಡಿಮೆ ದಾಟುತ್ತದೆ. ಅಂದರೆ ಬರೀ 50 ಮಿಲಿಮೀಟರ್ ಎಕ್ಸ್‌ಪಿಎಸ್ ತಡೆಯುವ ಬಿಸಿಯನ್ನು ತಡೆಯಲು ಎರಡೂವರೆ ಮೀಟರ್ ದಪ್ಪದ ಕಾಂಕ್ರೀಟ್ ಬೇಕು! ದುಡ್ಡು ಹಾಕುವುದಾದರೆ ತಾರಸಿ ಮೇಲೆ ಈ ಶೀಟ್ ಹಾಸಲು ಹಾಕಿ.

ಶಿರಸಿ_ಸೈಟ್: ಗೋಡೆ ಬಗ್ಗೆ ನಾನು ಹೇಳುತ್ತೇನೆ. ಎಎಸಿ ಕೆಟ್ಟದ್ದಲ್ಲ. ಒಳಗೆಲ್ಲ ಗಾಳಿಯ ಗುಳ್ಳೆ, ನೀರಿಗೆ ಹಾಕಿದರೆ ತೇಲುತ್ತದೆ, ಬೀಮಿನ ಮೇಲೆ ಭಾರ ಕಡಿಮೆ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಆ ಗುಳ್ಳೆಗಳಿಗೆ ನೀರು ಹೊಕ್ಕರೆ ಲಾಭ ಹೋಯಿತು, ಯಾಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ಕರಾವಳಿಯ ಅಡ್ಡಮಳೆಗೆ ಪ್ಲಾಸ್ಟರ್ ಬಿರುಕು ಬಿಟ್ಟರೆ ಕಥೆ ಅಷ್ಟೇ. ಹಾಗಾಗಿ ನಾನಾದರೆ ಚಿರೆಕಲ್ಲನ್ನೇ ಹಾಕುತ್ತೇನೆ. ಕಲ್ಲು ಮಾತ್ರ ನೋಡಿ ತಗೊಳ್ಳಿ. ಭಾರತೀಯ ಮಾನಕ 3620ರ ಪ್ರಕಾರ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಭಾರ ತಡೆಯಬೇಕು, ನೀರು ಹೀರುವುದು 12 ಶೇಕಡಾ ಮೀರಬಾರದು. ಲಾರಿಯಿಂದ ಇಳಿಸುವಾಗ ಒಂದೊಂದೇ ತಿರುಗಿಸಿ ನೋಡಿ, ತೂತುಗಳಲ್ಲಿ ಬಿಳಿ ಜೇಡಿ ಗಂಟು ತುಂಬಿದ್ದರೆ, ಉಗುರಿಗೆ ಉದುರಿದರೆ ವಾಪಸ್ ಕಳಿಸಿ. ಆಗಷ್ಟೇ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಹಿಂದೆ ಮಳೆಗಾಲಕ್ಕೆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ವಾ, ಆ ಕೆಲಸ ಈಗ ಉದ್ದನೆಯ ಸಜ್ಜಾ ಮಾಡಬೇಕು. ಅದರಲ್ಲಿ ಉಳಿತಾಯ ಬೇಡ.

ಬಿಸಿಲು_ಮಾಡು: ಒಳಗಿನ ಥರ್ಮೋಕೋಲ್ ಬಗ್ಗೆ ಹೇಳುವುದು ಬಿಟ್ಟೆ. ದಯವಿಟ್ಟು ಬೇಡ. ಕೆಳಗೆ ಹಾಕಿದರೆ ನಿಮಗೆ ಸೆಕೆ ಕಡಿಮೆಯಾಗಬಹುದು, ಆದರೆ ಸ್ಲ್ಯಾಬ್ ಬಿಸಿಲಲ್ಲೇ ಇರುತ್ತದೆ. ಹತ್ತು ಮೀಟರ್ ಸ್ಲ್ಯಾಬ್ 20 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ದಿನಾ ಇದೇ. ಸಣ್ಣ ಬಿರುಕು ಬರುತ್ತದೆ, ಅದರೊಳಗೆ ಉಪ್ಪಿನ ತೇವ ಇಳಿದು ಕಬ್ಬಿಣ ಮುಟ್ಟುತ್ತದೆ, ತುಕ್ಕು ಉಬ್ಬಿ ಅಡಿಯ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಅಷ್ಟೂ ಹೊತ್ತು ಸೀಲಿಂಗ್ ಅಡ್ಡ ಇರುವುದರಿಂದ ನಿಮಗೆ ಕಾಣುವುದೇ ಇಲ್ಲ. ಮೇಲೆ ಹಾಕಿದರೆ ಸ್ಲ್ಯಾಬೂ ತಂಪು, ನೀವೂ ತಂಪು.

ಕಡಲದಂಡೆ: ಬಿರುಕಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ಉಪಕಾರ. ಮಳೆಗೆ ಅಂತ ತಾರಸಿ ಮೇಲೆ ತಗಡಿನ ಮಾಡು ಹೇಗೂ ಮಾಡಿಸುತ್ತೇವೆ. ಆಗಲೂ ಎಕ್ಸ್‌ಪಿಎಸ್ ಬೇಕಾ?

ಶಿರಸಿ_ಸೈಟ್: ಹಾಗಿದ್ದರೆ ಮೊದಲು ತಗಡನ್ನೇ ಸರಿಯಾಗಿ ಮಾಡಿಸಿ. ಆಳೆತ್ತರ ಬಿಡಿ, ಎರಡು ಬದಿ ಗಾಳಿಗೆ ತೆರೆದಿರಲಿ, ಬಣ್ಣ ಬಿಳಿಯದ್ದೇ ಇರಲಿ. ಸ್ಲ್ಯಾಬಿಗೆ ನೇರ ಬಿಸಿಲು ಬೀಳದಿದ್ದರೆ ಮುಕ್ಕಾಲು ಕೆಲಸ ಆದಂತೆ. ಸಮುದ್ರದ ಗಾಳಿಗೆ ಪೈಪು, ಸ್ಕ್ರೂ ಬೇಗ ತುಕ್ಕು ಹಿಡಿಯುತ್ತವೆ, ಕಂಬದ ಬುಡ ಸ್ಲ್ಯಾಬ್ ಸೇರುವ ಕಡೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಒಂದು ಬೇಸಿಗೆ ಕಳೆಯಲಿ, ಆಮೇಲೂ ಸೆಕೆ ಅನ್ನಿಸಿದರೆ ತಗಡಿನ ನೆರಳಲ್ಲೇ ಎಕ್ಸ್‌ಪಿಎಸ್ ಹಾಸಿ ಮೇಲೆ ಕಾಂಕ್ರೀಟ್ ಹಾಕಿಸಬಹುದು.