ಪದಚರ್ಚೆ: ಅಪಘಾತ ಪರಿಹಾರದ ಅಪೀಲಿನಲ್ಲಿ ‘ಅಂಗವೈಕಲ್ಯ’

ಮಂಡ್ಯದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮೋಟಾರು ಅಪಘಾತದ ಪ್ರಕರಣಗಳಲ್ಲಿ ತೀರ್ಪು ಬಂದ ಮೇಲೆ ಅದರ ಸಾರವನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಪ್ರತಿ ಸಲವೂ ‘ಅಂಗವೈಕಲ್ಯ’ ಎಂಬಲ್ಲಿಗೆ ಬಂದಾಗ ಬರವಣಿಗೆ ನಿಲ್ಲುತ್ತದೆ.

ಗಾಯಾಳುವಿನ ಪರಿಹಾರದಲ್ಲಿ ಅಳತೆಗಳು ಎರಡು. ಮುರಿದ ಕೈ ಎಷ್ಟು ಮಡಚುತ್ತದೆ, ಹಿಡಿತ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ ವೈದ್ಯರು ಹೇಳುವ ಶೇಕಡಾವಾರು ಒಂದು. ಆ ಊನದಿಂದ ಅವನ ಸಂಪಾದನೆಯಲ್ಲಿ ಎಷ್ಟು ಖೋತಾ ಆಯಿತು ಎಂದು ನ್ಯಾಯಮಂಡಳಿ ನಿರ್ಧರಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಎಣಿಸಬಾರದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ‘ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್’ ಎಂಬ ಅಪಘಾತ ಪರಿಹಾರದ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿದೀತು.

ಮಂಡ್ಯದವರಿಗೆ ಆಲೆಮನೆಯ ಉದಾಹರಣೆ ಸಾಕು. ಪಾಕ ಬಂದ ಕೂಡಲೇ ಕೊಪ್ಪರಿಗೆಯನ್ನು ಬಗ್ಗಿಸಿ ಸುರಿಯಬೇಕು. ಒಂದು ಗಳಿಗೆ ತಡವಾದರೂ ಬೆಲ್ಲ ಕೆಡುತ್ತದೆ. ಬಲಗೈಗೆ ಪಟ್ಟು ಸಿಗದವನನ್ನು ಯಾರೂ ಆ ಕೆಲಸಕ್ಕೆ ಕರೆಯುವುದಿಲ್ಲ. ಅಂಥವನಿಗೆ 42 ವರ್ಷ, ತಿಂಗಳ ಆದಾಯ 12,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ, ಅಂದರೆ ಗುಣಕ, ಆ ವಯಸ್ಸಿಗೆ 14. ಕೈಯ ಊನವನ್ನು ಇಡೀ ದೇಹಕ್ಕೆ ಲೆಕ್ಕ ಹಾಕಿ ವೈದ್ಯರು ಹೇಳಿದ ಶೇ. 12ನ್ನೇ ಹಿಡಿದರೆ ಭವಿಷ್ಯದ ಆದಾಯ ನಷ್ಟಕ್ಕೆ ಸಿಗುವುದು 2,41,920. ದುಡಿಮೆಯ ನಷ್ಟ ಶೇ. 40 ಎಂದು ಒಪ್ಪಿದರೆ 8,06,400. ಹೆಚ್ಚಿನ ಪರಿಹಾರ ಕೇಳಿ ಹೈಕೋರ್ಟಿಗೆ ಹೋಗುವ ಅಪೀಲುಗಳಲ್ಲಿ ಎಷ್ಟೋ ಸಲ ವಾದವೆಲ್ಲ ಈ ಅಂತರದ ಮೇಲೆಯೇ ನಿಂತಿರುತ್ತದೆ.

ನಾವಾದರೋ ಎರಡಕ್ಕೂ ‘ಅಂಗವೈಕಲ್ಯ’ ಎಂದೇ ಬರೆಯುತ್ತೇವೆ. ಎರಡನೆಯದಕ್ಕೆ ‘ಕಾರ್ಯಾತ್ಮಕ ಅಂಗವೈಕಲ್ಯ’ ಎಂದು ಬರೆಯುವವರಿದ್ದಾರೆ. ಓದು ಬಲ್ಲವರಿಗೂ ಅದು ಒಗಟೇ. ವಕೀಲರು ‘ಫಂಕ್ಷನಲ್ ಡಿಸೆಬಿಲಿಟಿ’ ಎಂದು ಮುಂದೆ ಹೋಗುತ್ತಾರೆ. ಕಾಗದ ಓದಿಸಿಕೊಂಡ ಕಕ್ಷಿದಾರ ‘ಡಾಕ್ಟರು ಹೇಳಿದಷ್ಟೇ ಕೊಟ್ಟಿದ್ದಾರಲ್ಲ, ಇನ್ನೇನು ಕೇಳುವುದು’ ಎಂದು ಎದ್ದು ಹೋಗುತ್ತಾನೆ. ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನ ಪ್ರಕಾರ ಮೇಲ್ಮನವಿಗೆ ಇರುವುದು 90 ದಿನ. ತಡವನ್ನು ಮನ್ನಿಸಲು ಹೈಕೋರ್ಟಿಗೆ ಅಧಿಕಾರವಿದೆ, ಆದರೆ ಸಕಾರಣ ತೋರಿಸಬೇಕು. ತನಗೆ ಏನು ಕಡಿಮೆಯಾಗಿದೆ ಎಂಬುದೇ ತಿಳಿಯದವನು ಆ ದಿನಗಳನ್ನು ಸುಮ್ಮನೆ ಕಳೆಯುತ್ತಾನೆ, ಇದು ನನ್ನನ್ನು ಬಹಳ ಕಾಡುತ್ತದೆ.

ಸದ್ಯಕ್ಕೆ ನಾನು ಮೊದಲನೆಯದಕ್ಕೆ ‘ಅಂಗದ ಊನ’, ಎರಡನೆಯದಕ್ಕೆ ‘ದುಡಿಮೆಯ ನಷ್ಟ’ ಎಂದು ಬರೆಯುತ್ತಿದ್ದೇನೆ. ‘ಗಳಿಕೆಯ ಸಾಮರ್ಥ್ಯದ ನಷ್ಟ’ ಹೆಚ್ಚು ನಿಖರ, ಆದರೆ ಉದ್ದವಾಯಿತು. ‘ದುಡಿಮೆಯ ನಷ್ಟ’ದಲ್ಲಿ ಒಂದು ತೊಡಕೂ ಇದೆ: ಆಸ್ಪತ್ರೆಯಲ್ಲಿ ಮಲಗಿದ್ದ ತಿಂಗಳುಗಳ ಕೂಲಿ ಹೋದದ್ದಕ್ಕೂ ಜನ ಅದನ್ನೇ ಹೇಳುತ್ತಾರೆ, ಅದು ತೀರ್ಪಿನಲ್ಲಿ ಬೇರೆಯೇ ಬಾಬತ್ತು. ‘ದುಡಿಮೆಶಕ್ತಿಯ ನಷ್ಟ’ ಎಂದರೆ ಈ ಗೊಂದಲ ತಪ್ಪುತ್ತದೆಯೇ? ‘ಊನ’ ಎಂಬುದು ಗಾಯಗೊಂಡವರ ಕಿವಿಗೆ ಹೀನಾಯವಾಗಿ ಕೇಳುತ್ತದೆಯೇ? ಧಾರವಾಡ, ಕಲಬುರಗಿ ಕಡೆಯ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ಬೇರೆ ಪದಗಳಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.