ಭಾಷೆ ‘ಸ್ವಾಧೀನ’ವಾಗುತ್ತದೆಯೇ, ‘ದಕ್ಕುತ್ತದೆ’ಯೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ.

ಎರಡನೆಯ ಭಾಷೆ ಮನುಷ್ಯನಿಗೆ ಹೇಗೆ ಬರುತ್ತದೆ, ಅದರಲ್ಲಿ ವ್ಯಾಕರಣ ಪಾಠದ ಪಾಲೆಷ್ಟು ಎಂದು ಮೂರು ದಶಕ ಸಂಶೋಧನೆ ಮಾಡಿದ ನಮ್ಮ ಮೇಷ್ಟರೊಬ್ಬರು ನಿವೃತ್ತರಾಗುತ್ತಿದ್ದಾರೆ. ಅಭಿನಂದನಾ ಗ್ರಂಥಕ್ಕೆ ಅವರ ಕೆಲಸವನ್ನು ಕನ್ನಡದಲ್ಲಿ ಪರಿಚಯಿಸುವ ಲೇಖನ ನನ್ನ ಪಾಲಿಗೆ ಬಂದಿದೆ. ಅವರು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಸೆಕೆಂಡ್ ಲ್ಯಾಂಗ್ವೇಜ್ ಅಕ್ವಿಸಿಷನ್’ ಎಂಬ ಅವರ ಕ್ಷೇತ್ರದ ಹೆಸರಿನಲ್ಲೇ ಇರುವ ‘ಅಕ್ವಿಸಿಷನ್’ಗೆ ಕನ್ನಡದಲ್ಲಿ ಏನನ್ನುವುದು?

‘ಭಾಷಾ ಕಲಿಕೆ’ ಎಂದು ಬರೆದಿದ್ದೆ. ಸಂಪಾದಕರು ಅದನ್ನು ಹೊಡೆದು ‘ಭಾಷಾ ಸ್ವಾಧೀನ’ ಮಾಡಿದ್ದಾರೆ. ಸ್ವಾಧೀನ ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ವರ್ತುಲ ರಸ್ತೆ, ಸರ್ವೆ ನಂಬರು, ಪರಿಹಾರಕ್ಕೆ ಕಾದು ಕುಳಿತ ರೈತರು. ಯಾವ ಮಗುವೂ ನೋಟಿಸು ಕೊಟ್ಟು ಭಾಷೆಯನ್ನು ವಶಕ್ಕೆ ತೆಗೆದುಕೊಳ್ಳುವುದಿಲ್ಲ. ‘ಗಳಿಕೆ’ ತಕ್ಕಮಟ್ಟಿಗೆ ಚೆನ್ನಾಗಿದೆ, ಆದರೆ ಗಳಿಕೆ ರಜೆಯೂ ಸಿನಿಮಾದ ಮೊದಲ ದಿನದ ಗಳಿಕೆಯೂ ಅದಕ್ಕೆ ಅಂಟಿಕೊಂಡಿವೆ. ‘ಅರ್ಜನೆ’ ಎಂದರೆ ಧನಾರ್ಜನೆಯ ಪಕ್ಕದ ಮನೆ. ಈ ಮೂರು ಪದಗಳಲ್ಲೂ ಯಾರೋ ಒಬ್ಬ ಪ್ರಯತ್ನಪಟ್ಟು ಏನನ್ನೋ ತನ್ನದಾಗಿಸಿಕೊಳ್ಳುತ್ತಿದ್ದಾನೆ. ನಮಗೆ ಬೇಕಾದ ಅರ್ಥದಲ್ಲಿ ಆ ಪ್ರಯತ್ನವೇ ಇಲ್ಲ.

‘ಕಲಿಕೆ’ಯನ್ನೇ ಉಳಿಸಿಕೊಳ್ಳೋಣವೆಂದರೆ ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಬಿಡುವುದಿಲ್ಲ. ನಿಯಮ ತಿಳಿದು, ಬುದ್ಧಿಪೂರ್ವಕವಾಗಿ ಕಲಿಯುವುದು ಒಂದು. ಅರ್ಥವಾಗುವ ಮಾತನ್ನು ಕೇಳುತ್ತ, ಓದುತ್ತ ಭಾಷೆ ಅರಿವಿಲ್ಲದೆ ಒಳಗಿಳಿಯುವುದು ಇನ್ನೊಂದು, ಅದೇ ‘ಅಕ್ವಿಸಿಷನ್’. ಮೊದಲನೆಯದು ಎರಡನೆಯದಾಗಿ ಮಾರ್ಪಡುವುದಿಲ್ಲ ಎಂದು 1980ರ ದಶಕದ ಆರಂಭದಲ್ಲಿ ಅವರು ವಾದಿಸಿದರು. ಇದನ್ನು ಒಪ್ಪದವರು ಬಹಳ ಮಂದಿ, ನಮ್ಮ ಮೇಷ್ಟರೂ ಒಪ್ಪುವುದಿಲ್ಲ. ಆದರೆ ಜಗಳವಾಡುವುದಕ್ಕಾದರೂ ಎರಡು ಪದ ಬೇಕಲ್ಲ? ಎರಡನ್ನೂ ಕಲಿಕೆ ಎಂದರೆ ಕ್ರಾಶೆನ್ ವಾದ ‘ಕಲಿಕೆಯು ಕಲಿಕೆಯಾಗದು’ ಎಂದಾಗಿ ಸರ್ವಜ್ಞನ ಒಗಟಿನ ಹಾಗೆ ಕೇಳಿಸುತ್ತದೆ.

ಹಿಂದೆ ನಾನು ಇಂಗ್ಲಿಷ್ ಮನೆಮಾತಿನ ಒಬ್ಬ ಹುಡುಗನಿಗೆ ಕನ್ನಡ ಹೇಳಿಕೊಡುತ್ತಿದ್ದೆ. ‘ಬೇಕು’ ಬಂದರೆ ಚತುರ್ಥಿ ವಿಭಕ್ತಿ ಎಂಬ ನಿಯಮ ಅವನಿಗೆ ಬಾಯಿಪಾಠ. ಬಿಟ್ಟ ಸ್ಥಳ ತುಂಬುವ ಹತ್ತು ವಾಕ್ಯ ಕೊಟ್ಟರೆ ಹತ್ತೂ ಸರಿ. ಪಾಠ ಮುಗಿಸಿ ಟೀ ಅಂಗಡಿಗೆ ಹೋದರೆ, ‘ನಾನು ಟೀ ಬೇಕು’. ಮೂರು ತಿಂಗಳ ನಂತರ ಒಂದು ದಿನ ತಾನಾಗಿ ‘ನನಗೆ ಟೀ ಬೇಕು’ ಬಂತು. ಅದೇ ವಾರ ‘ನನಗೆ ಹೋಗುತ್ತೇನೆ’ ಎಂಬುದೂ ಬಂತು! ಈ ತಪ್ಪು ನನಗೆ ಆ ಸರಿಯಾದ ವಾಕ್ಯಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನೊಳಗೆ ಯಾವುದೋ ವ್ಯಾಕರಣ ತನ್ನ ಪಾಡಿಗೆ ಕಟ್ಟಿಕೊಳ್ಳುತ್ತಿತ್ತು. ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲಿ ‘ಇಂಟರ್‌ಲ್ಯಾಂಗ್ವೇಜ್’ ಎಂದು ಹೆಸರಿಟ್ಟದ್ದು ಇಂಥದ್ದಕ್ಕೇ. (‘ನಡುನುಡಿ’ ಎನ್ನೋಣವೆಂದುಕೊಂಡೆ. ಹಾಗಾದರೆ ಈ ಹುಡುಗ ಆಡುತ್ತಿದ್ದುದು ನಡುಗನ್ನಡ ಎಂದಾಗಿ ಕುಮಾರವ್ಯಾಸನ ಸಾಲಿಗೆ ಸೇರಿಬಿಡುತ್ತಾನೆ.)

ಆ ‘ನನಗೆ’ಯನ್ನು ನೋಡುತ್ತಿದ್ದಾಗಲೇ ಹೊಳೆಯಿತು, ನಾನು ಹುಡುಕುತ್ತಿರುವ ಭೇದ ಕನ್ನಡದ ವಿಭಕ್ತಿಯಲ್ಲೇ ಇದೆ ಎಂದು. ‘ನಾನು ಕನ್ನಡ ಕಲಿತೆ’ ಎಂಬಲ್ಲಿ ಕರ್ತೃ ನಾನು. ‘ನನಗೆ ಕನ್ನಡ ಬರುತ್ತದೆ’ ಎಂಬಲ್ಲಿ ಕರ್ತೃ ಕನ್ನಡ. ಅದು ಬರುತ್ತದೆ, ನಾನು ಅದು ಬಂದು ಸೇರುವ ಜಾಗ. ಸಂಗೀತ ಒಲಿಯುತ್ತದೆ, ಲೆಕ್ಕ ತಲೆಗೆ ಹತ್ತುತ್ತದೆ ಅಥವಾ ಹತ್ತುವುದಿಲ್ಲ. ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ದಕ್ಕು’. ಉಂಡದ್ದು ದಕ್ಕಿತು ಎನ್ನುತ್ತೇವೆ. ಒಳಗೆ ಹೋದದ್ದೆಲ್ಲ ದಕ್ಕುವುದಿಲ್ಲ, ದಕ್ಕಿದ್ದು ಮೈಗೆ ಹತ್ತುತ್ತದೆ. ‘ಹತ್ತು ವರ್ಷ ಕಲಿತರೂ ಇಂಗ್ಲಿಷ್ ದಕ್ಕಲಿಲ್ಲ’ ಎಂದರೆ ಯಾವ ಹಳ್ಳಿಯ ಶಾಲೆಯಲ್ಲೂ ಟಿಪ್ಪಣಿ ಬೇಕಾಗದು.

ಮೇಷ್ಟರು ತರಗತಿಯಲ್ಲಿ ಪದೇ ಪದೇ ಎತ್ತುತ್ತಿದ್ದ ಉದಾಹರಣೆಯ ಮೇಲೂ ಇದನ್ನು ಒರೆಹಚ್ಚಿ ನೋಡಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಯೋಜನೆ’ ಎಂದೇ ಹೆಸರಾದ ಪ್ರಯೋಗ ಅದು. ಅಲ್ಲಿ ಮಕ್ಕಳಿಗೆ ವ್ಯಾಕರಣದ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗಲೇ ರೂಪ, ಅಂದರೆ ವ್ಯಾಕರಣ, ಚೆನ್ನಾಗಿ ದಕ್ಕುತ್ತದೆ ಎಂಬುದು ಪ್ರಭು ಅವರ ನಿಲುವು. ಇಲ್ಲಿ ‘ದಕ್ಕುತ್ತದೆ’ಯ ಜಾಗದಲ್ಲಿ ‘ಸ್ವಾಧೀನವಾಗುತ್ತದೆ’ ಎಂದಿಟ್ಟು ಓದಿ ನೋಡಿ.

ತೊಡಕಿರುವುದು ನಾಮಪದದಲ್ಲಿ. ‘ದಕ್ಕುವಿಕೆ’ ಸರ್ಕಾರಿ ಸುತ್ತೋಲೆಯಂತಿದೆ, ‘ದಕ್ಕಿಕೆ’ಯನ್ನು ನಾನು ಎಲ್ಲೂ ಕೇಳಿಲ್ಲ. ‘ಬರು’ವಿನಿಂದ ‘ನುಡಿಬರವು’ ಮಾಡಹೊರಟರೆ ಬರಗಾಲದ ನೆನಪಾಗುತ್ತದೆ.

ಜೊತೆಗೆ ‘ಎರಡನೆಯ ಭಾಷೆ’ಯ ಗೋಜಲು. ಉಡುಪಿ ಕಡೆಯ ಒಂದು ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಂಕಪಟ್ಟಿಯಲ್ಲಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ. ಸಂಶೋಧಕರ ಲೆಕ್ಕದಲ್ಲಿ ಆ ಮಗುವಿನ ಎರಡನೆಯ ಭಾಷೆಯೇ ಕನ್ನಡ. ‘ದ್ವಿತೀಯ ಭಾಷೆ’ ಎಂದು ಬರೆದರೆ ನಮ್ಮ ಓದುಗರಿಗೆ ಹೊಳೆಯುವುದು ವೇಳಾಪಟ್ಟಿಯ ಪೀರಿಯಡ್ಡು ಮಾತ್ರ. ‘ಮನೆಮಾತಿನಾಚೆಯ ಭಾಷೆ’ ಎನ್ನಬಹುದು, ಆದರೆ ಉದ್ದವಾಯಿತು.

ಕೊನೆಯದಾಗಿ, ಭಾಷಾವಿಜ್ಞಾನಿ ಮೈಕಲ್ ಲಾಂಗ್ 1991ರಲ್ಲಿ ಬರೇ ಏಕವಚನ ಬಹುವಚನದಿಂದ ಮಾಡಿದ ಒಂದು ಭೇದವಿದೆ. ‘ಫೋಕಸ್ ಆನ್ ಫಾರ್ಮ್ಸ್’ ಎಂದರೆ ವ್ಯಾಕರಣದ ಅಂಶಗಳನ್ನು ಒಂದೊಂದಾಗಿ ಪಾಠಪಟ್ಟಿಗಿಟ್ಟು ಕಲಿಸುವುದು. ‘ಫೋಕಸ್ ಆನ್ ಫಾರ್ಮ್’ ಎಂದರೆ ಮಾತಿನ ನಡುವೆ ಎಡವಿದಾಗ ಆ ರೂಪದತ್ತ ಒಮ್ಮೆ ಬೆರಳು ತೋರಿಸಿ ಮುಂದೆ ಹೋಗುವುದು. ‘ಹತ್ತು ಪುಸ್ತಕ’ ಎಂದು ಆರಾಮವಾಗಿ ಹೇಳುವ ಕನ್ನಡದಲ್ಲಿ ರೂಪ, ರೂಪಗಳು ಎಂಬಷ್ಟರಿಂದ ಇದು ನಿಲ್ಲದು. ‘ರೂಪಪಾಠ’, ‘ರೂಪಸೂಚನೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

‘ದಕ್ಕು’ವಿನಿಂದ ಆಗುವ ನಾಮಪದವನ್ನು ನಿಮ್ಮ ಊರಿನಲ್ಲಿ ಯಾರಾದರೂ ಆಡುವುದನ್ನು ಕೇಳಿದ್ದೀರಾ? ಅದು ಹಳ್ಳಿಯ ಮಾತಾದರೂ ಸರಿ, ಹಳೆಯ ಕಾವ್ಯದ್ದಾದರೂ ಸರಿ, ತಿಳಿಸಿ. ಲೇಖನದ ಶೀರ್ಷಿಕೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.